ಕೆಂಪಗಿದ್ದ ಜೌಗುಹಣ್ಣು

"ಲಕೋಟೆ ಇಲ್ಲ! ಅಯ್ಯೋ, ನನ್ನ ಹಿಲ್ಡಿಂಗ್ ಕೊಟ್ಟ ಲಕೋಟೆ ಇಲ್ಲ!"

ಕಂಡಕ್ಟರ್ ಸಿಕ್ಸ್ಟೆನ್ ಆಗಷ್ಟೇ ಕೂತಿದ್ದ. ಸ್ವೀಡನ್ನಿನ ಈ ಬಡಗಣ ಕಾಡಿನ ಹಳಿಯ ಮೇಲೆ ಮೂವತ್ತೊಂದು ಬೇಸಿಗೆ ಓಡಾಡಿ ಅವನ ಮಂಡಿ ಸವೆದಿತ್ತು. ಸೂರ್ಯ ಮುಳುಗುವುದನ್ನೇ ಮರೆತ ಜುಲೈ. ವಾರದಿಂದ ಸರಿಯಾಗಿ ನಿದ್ದೆಯಿಲ್ಲ. ಕಳೆದುಕೊಳ್ಳುವವರಿಗೂ ಇದೇ ಹೊತ್ತು ಬೇಕಿತ್ತೇ ಎಂದು ಗೊಣಗಿಕೊಂಡು ಎದ್ದ.

ಕೂಗಿದವಳು ಎಪ್ಪತ್ತೆಂಟರ ವಿಧವೆ ವಾಲ್ಬೋರಿ. ಕೈಚೀಲ ಬೋರಲು ಬಿದ್ದಿತ್ತು, ಪಕ್ಕದಲ್ಲೊಂದು ಪುಟ್ಟ ಡಬ್ಬಿ ಉರುಳಿತ್ತು.

"ಏನಿತ್ತಮ್ಮ ಅದರಲ್ಲಿ?"

"ಜೌಗುಹಣ್ಣು ಸಿಗೋ ಜಾಗ."

ಸಿಕ್ಸ್ಟೆನ್‌ನ ತೂಕಡಿಕೆ ಹಾರಿಹೋಯಿತು. ಈ ಸೀಮೆಯವರು ಸಂಬಳ ಹೇಳಿಯಾರು, ಕಾಯಿಲೆ ಹೇಳಿಯಾರು. ಜೌಗು ನೆಲದಲ್ಲಷ್ಟೇ ಬೆಳೆಯುವ, ಒಳ್ಳೆ ಬೆಲೆ ಬಾಳುವ ಈ ಹಣ್ಣನ್ನು ತಾವು ಕೀಳುವ ಜಾಗವನ್ನು ಮಾತ್ರ ಹೆತ್ತ ಮಗನಿಗೂ ಹೇಳುವುದಿಲ್ಲ.

"ನೀವು ಓದಿರ್ಲಿಲ್ವಾ?"

"ಎಲ್ಲಿ ಓದ್ಲಿ! 'ರೈಲು ಕಾಡು ಹೊಕ್ಕ ಮೇಲೇ ಒಡಿ, ಊರಲ್ಲಿ ಯಾರಾದ್ರೂ ಇಣುಕ್ತಾರೆ' ಅಂದಿದ್ರು ನಮ್ಮ ಯಜಮಾನ್ರು, ಆಸ್ಪತ್ರೆ ಮಂಚದ ಮೇಲೆ. ಐವತ್ತು ವರ್ಷ ಮೊದಲ ಹಣ್ಣು ತಂದು ನನ್ನ ಅಂಗೈಲಿ ಇಡ್ತಿದ್ರು. ಈ ಸಲ ನಾನೇ ಕಿತ್ತು ಅವರ ಗೋರಿ ಮೇಲೆ ಇಡ್ತೀನಿ ಅಂತ ಮಾತು ಕೊಟ್ಟಿದ್ದೆ. ಈಗ ಎಲ್ಲಿ ಇಳೀಬೇಕು ಅನ್ನೋದೇ ಗೊತ್ತಿಲ್ಲವಲ್ಲಪ್ಪ!" ಮುದುಕಿ ಅಳತೊಡಗಿದಳು.

"ಕೊನೇ ಸಲ ಯಾವಾಗ ನೋಡಿದ್ರಿ?"

"ಹಿಮಸಾರಂಗ ಹಳಿ ಮೇಲೆ ಮಲಗಿ ರೈಲು ನಿಂತಿತ್ತಲ್ಲ, ಆಗ. ಇವರಿಬ್ಬರಿಗೂ ತೋರಿಸ್ದೆ, ಚೀಲದಲ್ಲಿಟ್ಟು ಕಿಟಕಿಗೆ ಹೋದೆ. ಹಳಿ ಪಕ್ಕದ ಗಿಡ ಕಂಡು ಸಂಕಟ ಆಯ್ತು. ಈ ಹುಡುಗ ಪಾಪ, 'ಇವು ಇನ್ನೂ ಕೆಂಪಗಿವೆ, ಬೇಜಾರು ಮಾಡ್ಕೋಬೇಡಿ ಅಜ್ಜಿ, ಬಿಸಿಲಿರೋ ಕಡೆ ಸಿಗ್ತವೆ' ಅಂದ."

ಬೋಗಿಯಲ್ಲಿದ್ದವರು ಆ ಇಬ್ಬರೇ. ಒಬ್ಬ ಟೋರ್ವಾಲ್ಡ್ — ವಾಲ್ಬೋರಿಯ ಪಕ್ಕದ ಮನೆಯವನು, ಕಾಲ ಬಳಿ ಎರಡು ಬಕೆಟ್ಟು. ಇನ್ನೊಬ್ಬ ಡೀಡ್ರಿಕ್ — ತೆಂಕಣ ಮಾಲ್ಮೊದವನೆಂದು ಹೇಳಿಕೊಂಡ ಮೂವತ್ತರ ಚಾರಣಿಗ.

"ಟೋರ್ವಾಲ್ಡ್, ಆ ಜಾಗಕ್ಕಾಗಿ ಹಿಲ್ಡಿಂಗ್‌ನ ಬೆನ್ನು ಬಿದ್ದಿದ್ದೆ ಅಂತ ಸೀಮೆಗೇ ಗೊತ್ತು, ಅಲ್ವಾ?"

"ಬಿದ್ದಿದ್ದೆ. ಮೂವತ್ತು ವರ್ಷ! ಒಂದ್ಸಲ ಹಿಂದೆಹಿಂದೆಯೇ ಹೋದೆ. ಕಳ್ಳ ನನ್ಮಗ, ಸೊಂಟದವರೆಗೆ ಕೆಸರಲ್ಲಿ ಇಳಿಸಿ ಮಾಯವಾದ."

"ಹಾಗಾದ್ರೆ ನೀನೇ ತಗೊಂಡ್ಯಾ?"

"ಥೂ! ಸತ್ತವನ ಜೇಬಿಗೆ ಕೈ ಹಾಕ್ತೀನಾ? ಹುಡುಕು, ಬಕೆಟ್ಟು ಬೋರಲು ಹಾಕು!"

ಸಿಕ್ಸ್ಟೆನ್ ಹುಡುಕಲಿಲ್ಲ. ಡೀಡ್ರಿಕ್‌ನ ಕಡೆ ತಿರುಗಿದ.

"ಈ ಕಡೆಗೆ ಮೊದಲ ಸಲಾನಾ?"

"ಮೊದಲ ಸಲ ಸಾರ್. ಬೆಟ್ಟ ಹತ್ತೋಕೆ."

"ಜೌಗುಹಣ್ಣು?"

"ಗಿಡ ಕಂಡಿದ್ದೇ ಇವತ್ತು, ಅಜ್ಜಿ ತೋರಿಸಿದ್ದಕ್ಕೆ. ನನಗ್ಯಾಕೆ ಸಾರ್ ಆ ಕಾಗದ?"

ಸಿಕ್ಸ್ಟೆನ್ ನಿಟ್ಟುಸಿರು ಬಿಟ್ಟು ಅವನೆದುರು ಕೂತ. ಆರಿದ ಕಾಫಿಯನ್ನು ಒಂದು ಗುಟುಕು ಕುಡಿದ.

"ಅಲ್ಲಪ್ಪ, ಕೆಂಪಗಿರೋ ಹಣ್ಣು ಕಂಡ್ರೆ ಹೊಸಬ ಏನಂತಾನೆ?"

"ಏನಂತಾನೆ?"

"ಹಣ್ಣಾಗಿದೆ ಅಂತಾನೆ! ನೀನು 'ಇನ್ನೂ' ಕೆಂಪಗಿವೆ ಅಂತ ಅಜ್ಜಿಗೆ ಸಮಾಧಾನ ಹೇಳ್ದೆ. ಜೌಗುಹಣ್ಣು ಕಾಯಾಗಿದ್ದಾಗ ಕೆಂಪು, ಹಣ್ಣಾದ್ರೆ ಹಳದಿ — ಬೇರೆ ಹಣ್ಣಿಗೆಲ್ಲ ಉಲ್ಟಾ. ಜೌಗಲ್ಲಿ ಬೆನ್ನು ಬಗ್ಗಿಸಿದವನಿಗೆ ಗೊತ್ತು, ಗಿಡವನ್ನೇ ಕಾಣದವನಿಗೆ ಹೇಗೆ ಗೊತ್ತಾಯ್ತು? ಟೋರ್ವಾಲ್ಡ್ ತನ್ನ ಆಸೆ ಮುಚ್ಚಿಡ್ಲಿಲ್ಲ. ನೀನು ಗೊತ್ತಿದ್ದನ್ನೇ ಮುಚ್ಚಿಟ್ಟೆ. ತೆಗಿ, ನನಗೂ ಸುಸ್ತಾಗಿದೆ."

ಡೀಡ್ರಿಕ್ ತುಟಿ ಕಚ್ಚಿದ. ಬಗ್ಗಿ ಬೂಟಿನೊಳಗಿಂದ ಲಕೋಟೆ ತೆಗೆದ. ಅದು ಹರಿದಿತ್ತು.

"ಒಡೆದುಬಿಟ್ಟಿದ್ದಾನೆ!" ವಾಲ್ಬೋರಿ ಎದೆ ಹಿಡಿದುಕೊಂಡಳು. "ಅವರು ಪ್ರಾಣದ ಹಾಗೆ ಕಾಪಾಡಿದ ಜಾಗ ಇವನ ಪಾಲಾಯ್ತಲ್ಲ!"

"ನನ್ನ ತಲೆ ಆಯ್ತು," ಡೀಡ್ರಿಕ್ ಸಿಡುಕಿದ. "ಅದು ನಕ್ಷೆನೇ ಅಲ್ಲ. ಏನೂ ಅರ್ಥ ಆಗಲ್ಲ."

ವಾಲ್ಬೋರಿ ಕನ್ನಡಕ ಏರಿಸಿ ಓದಿದಳು. 'ನಿನ್ನ ಬೂಟು ಮುಳುಗಿದಲ್ಲಿ ಇಳಿ. ಬಂಡೆಯ ಬಲಕ್ಕೆ ಮುನ್ನೂರು ಹೆಜ್ಜೆ. ನಾನು ಬೇರೆಲ್ಲಿಗೂ ಹೋಗುತ್ತಿರಲಿಲ್ಲ.'

ಆಕೆ ಅಳುತ್ತಲೇ ನಕ್ಕಳು. "ಮದುವೆಯಾದ ಬೇಸಿಗೆ. ರೈಲು ಕೆಟ್ಟು ನಿಂತಿತ್ತು. ಹೂ ಕೀಳೋಕೆ ಹೋಗಿ ಹೊಸ ಬೂಟು ಕೆಸರಲ್ಲಿ ಕಳಕೊಂಡೆ. ಅವರು ಹೊತ್ಕೊಂಡು ಬಂದ್ರು. ನಮ್ಮಿಬ್ಬರನ್ನ ಬಿಟ್ಟು ಆ ಜಾಗ ಇನ್ಯಾರಿಗೂ ಗೊತ್ತಿಲ್ಲ." ಕಣ್ಣೊರೆಸಿಕೊಂಡು ಸಿಕ್ಸ್ಟೆನ್ ಕಿವಿಯಲ್ಲಿ ಪಿಸುಗುಟ್ಟಿದಳು. "ನಿಲ್ಲಿಸ್ತೀಯೇನಪ್ಪ? ಎರಡು ಸೇತುವೆ ದಾಟಿದ್ರೆ ಸಾಕು."

ಅಲ್ಲಿ ನಿಲ್ದಾಣವಿರಲಿಲ್ಲ. ಸಿಕ್ಸ್ಟೆನ್ ಚಾಲಕನಿಗೆ ಫೋನು ಮಾಡಿದ. ಎರಡನೇ ಸೇತುವೆ ದಾಟಿ ರೈಲು ನಿಂತಿತು. ಮುಂದಿನ ಊರಲ್ಲಿ ಪೊಲೀಸರ ಕೈ ಸೇರಬೇಕಾದ ಡೀಡ್ರಿಕ್‌ನನ್ನು ಸಿಕ್ಸ್ಟೆನ್ ಮೊದಲೇ ಭುಜ ಹಿಡಿದು, ಹೊರಗಿನ ಜಾಗ ಕಾಣದಂತೆ ಗೋಡೆಗೆ ಮುಖ ಮಾಡಿ ಕೂರಿಸಿದ್ದ. ಟೋರ್ವಾಲ್ಡ್‌ಗೆ ಯಾರೂ ಏನೂ ಹೇಳಲಿಲ್ಲ. ಅವನೇ ಆಚೆ ಬದಿಗೆ ತಿರುಗಿ, ಟೋಪಿಯನ್ನು ಮೂಗಿನವರೆಗೆ ಎಳೆದುಕೊಂಡ. ಹಾಗೇ ಕಾಲಿನಿಂದ ತನ್ನ ದೊಡ್ಡ ಬಕೆಟ್ಟನ್ನು ಬಾಗಿಲ ಕಡೆ ನೂಕಿದ.

"ನಿನ್ನ ಡಬ್ಬಿ ಸಾಲಲ್ಲ ಕಣೇ. ಇದನ್ನ ತಗೊಂಡ್ಹೋಗು."

ಸಿಕ್ಸ್ಟೆನ್ ಅವಳ ಕೈಹಿಡಿದು ಇಳಿಸಿದ. ಸಂಜೆ ರೈಲು ವಾಪಸು ಬರುವಾಗ ಕೈ ಬೀಸಲು ಹೇಳಿದ. ರೈಲು ಹೊರಟಿತು.

ಬಹಳ ದೂರ ಬಂದ ಮೇಲೆ ಟೋಪಿಯ ಕೆಳಗಿನಿಂದ ದನಿ ಬಂತು.

"ಇಳಿದ್ಲಾ?"

"ಯಾರು?" ಎಂದ ಸಿಕ್ಸ್ಟೆನ್, ಮಂಡಿ ಹಿಡಿದುಕೊಂಡು ಕೂರುತ್ತಾ.