ಸ್ಕುವಾ ಎರಗಿದ ಜಾಗ

ಫಾಕ್‌ಲ್ಯಾಂಡ್ ದ್ವೀಪಗಳಿಗೆ ಹಕ್ಕಿ ನೋಡಲು ಬರುವವರಿಗೆ ನಾನು ಇಪ್ಪತ್ತೆರಡು ವರ್ಷದಿಂದ ದಾರಿ ತೋರಿಸುತ್ತಿದ್ದೇನೆ. ಕಂಡದ್ದನ್ನು ಕಂಡಷ್ಟೇ ಹೇಳುವುದು ನನ್ನ ಕಸುಬು.

ಡಿಸೆಂಬರಿನ ಒಂದು ಮಧ್ಯಾಹ್ನ ಆರು ಜನರನ್ನು ಕರೆದುಕೊಂಡು ಯಾರೂ ವಾಸವಿಲ್ಲದ ಪುಟ್ಟ ದ್ವೀಪವೊಂದಕ್ಕೆ ಹೋದೆ. ಅದು ಸ್ಕುವಾಗಳು ಮರಿ ಮಾಡುವ ಕಾಲ. ಗೂಡಿನ ಹತ್ತಿರ ಸುಳಿದವರ ತಲೆಗೆ ಆ ಕಂದು ಹಕ್ಕಿ ನೇರವಾಗಿ ಎರಗುತ್ತದೆ. ಅದಕ್ಕೇ ಎಲ್ಲರಿಗೂ ಒಂದೊಂದು ಕೋಲು ಕೊಟ್ಟು, ತಲೆಯ ಮೇಲೆ ಎತ್ತಿ ಹಿಡಿಯಲು ಹೇಳಿದೆ.

ಹಕ್ಕಿಗಳು ಎರಗಿದವು, ಆದರೆ ನಮ್ಮ ಮೇಲಲ್ಲ. ನಮ್ಮ ಸಾಲಿನ ಹಿಂದೆ ಹತ್ತು ಹೆಜ್ಜೆ ದೂರದಲ್ಲಿ, ಆಳೆತ್ತರದ ಬರಿ ಗಾಳಿಗೆ. ನಾವು ನಡೆದರೆ ಆ ಜಾಗವೂ ನಡೆಯಿತು, ನಿಂತರೆ ನಿಂತಿತು.

ಕೊನೆಯಲ್ಲಿದ್ದ ಮುದುಕಿ ಡಿಲಿಸ್, "ಏನಪ್ಪಾ ಲಾಕ್ಲನ್, ನನ್ನ ಹಿಂದೆ ಬರ್ತಿರೋರಿಗೆ ಕೋಲು ಕೊಡೋದು ಮರೆತ್ಯಾ?" ಎಂದು ನಕ್ಕಳು. ತಿರುಗಿ ನೋಡಿದ ಮೇಲೆ ನಗಲಿಲ್ಲ. ಬಂದು ನನ್ನ ತೋಳು ಹಿಡಿದುಕೊಂಡಳು.

"ಬೇಗ ನಡೀರಿ, ಹಿಂದೆ ನೋಡ್ಬೇಡಿ," ಎಂದೆ.

ದಡದಲ್ಲಿ ಡಿಲಿಸಳ ಜೊತೆ ನಾನೇ ಮೊದಲು ದೋಣಿ ಹತ್ತಿದೆ. ಉಳಿದ ಐವರನ್ನು ದೋಣಿ ನಡೆಸುವ ಓಸ್ಮಂಡ್ ಕೈಹಿಡಿದು ಹತ್ತಿಸಿಕೊಂಡ. ಆಮೇಲೂ ಒಮ್ಮೆ ಕೈ ಚಾಚಿ, ಯಾರನ್ನೋ ಹತ್ತಿಸಿಕೊಳ್ಳುವಂತೆ ಎಳೆದುಕೊಂಡ. ದೋಣಿ ನೀರಿನಲ್ಲಿ ಇನ್ನಷ್ಟು ತಗ್ಗಿತು.

"ಅಲ್ಲಯ್ಯಾ, ಆ ಕೊನೆಯವರಿಗೆ ಕೈಗವಸಾದ್ರೂ ಕೊಡಬಾರ್ದಿತ್ತಾ? ಕೈ ಮಂಜುಗಡ್ಡೆ ಆಗಿತ್ತು," ಎಂದು ಅವನು ಅಂಗೈ ಉಜ್ಜಿಕೊಂಡ.

ದೋಣಿ ನಿಲ್ಲುವ ಊರಿನ ಧಕ್ಕೆಯಲ್ಲಿ ಆರು ಜನ ಇಳಿದರು. ನಾನೇ ನಿಂತು ಎಣಿಸಿದೆ. ದೋಣಿ ಮಾತ್ರ ಅಂದಿನಿಂದ ಖಾಲಿ ಇದ್ದಾಗಲೂ ಎಡಕ್ಕೆ ವಾಲಿ ನಿಲ್ಲುತ್ತದೆ. ಎರಡು ಸಲ ನೀರಿನಿಂದ ಎತ್ತಿಸಿ ನೋಡಿದೆವು. ಅದರಲ್ಲಿ ಏನೂ ದೋಷವಿಲ್ಲ.