ಒಂದೇ ಒಲವಿನ ನಿಲಯ

ಮಾಗಿಯ ಚಳಿಗೆ ಎರೆಹೊಲ ಬಿರುಕು ಬಿಟ್ಟಿತ್ತು. ಎಳ್ಳಮಾಸಿ ಹಬ್ಬದ ಬೆಳಗು, ಜೋಳ ಆಗತಾನೇ ತೆನೆ ಹಾಯ್ದಿತ್ತು. ವಿಶ್ವವಿದ್ಯಾಲಯದ ಪ್ರಯೋಗದ ಹೊಲದಲ್ಲಿ ನೀಲಗಂಗಾ ಮೊಣಕಾಲೂರಿ ಕೂತು, ಎಲೆಗಳ ಬುಡದಲ್ಲಿ ನಿಂತ ಇಬ್ಬನಿಯ ತೇವ ಅಳೆಯುತ್ತಿದ್ದಳು. ಹಣೆಗೆ ಬೆರಳಗಲದ ಪಟ್ಟಿ. ಸುತ್ತಲಿನ ತಾಕುಗಳಲ್ಲಿ ಬಗ್ಗಿ ದುಡಿಯುತ್ತಿದ್ದ ಹುಡುಗ ಹುಡುಗಿಯರ ಪಟ್ಟಿಗಳೆಲ್ಲ ಹಸಿರಾಗಿ ಮಿನುಗುತ್ತಿದ್ದವು. ಅವಳದೊಂದು ಬೂದಿಯ ಬಣ್ಣಕ್ಕೆ ತಿರುಗಿತ್ತು.

ಒಲವುಪಟ್ಟಿ ಎಂದು ಅದರ ಹೆಸರು. ಮನಸ್ಸು ಒಂದು ವಿಷಯದ ಕಡೆ ವಾಲಿದಾಗ ಹಣೆಯ ಹಿಂದೆ ನೆತ್ತರಿನ ಓಟ ತುಸು ಹೆಚ್ಚುತ್ತದೆ, ಮಿದುಳಿನ ಸಣ್ಣ ವಿದ್ಯುತ್ ಅಲೆಗಳು ಒಂದು ಲಯಕ್ಕೆ ಬರುತ್ತವೆ. ಎರಡನ್ನೂ ಕೂಡಿಸಿ ಓದಿದರೆ ಯಾರಿಗೆ ಯಾವುದರಲ್ಲಿ ನಿಜವಾದ ಆಸಕ್ತಿ ಎಂಬುದು ಕೇಳದೆಯೇ ತಿಳಿಯುತ್ತದೆಂದು ಡಾ. ಕಾತ್ಯಾಯಿನಿ ಕಂಡುಹಿಡಿದಿದ್ದರು. ಅಲ್ಲಿಂದ ನಾಡಿನ ವಸತಿನಿಲಯಗಳ ರೂಪವೇ ಬದಲಾಯಿತು. ಊರು, ಜಾತಿ, ಅಂಕ ಯಾವುದನ್ನೂ ನೋಡದೆ ಒಂದೇ ಒಲವಿನವರನ್ನು ಒಂದೇ ಸೂರಿನಡಿ ಇರಿಸತೊಡಗಿದರು. ಜೋಳದವರಿಗೆ ಇಲ್ಲಿ ಡೋಣಿ ಹೊಳೆಯ ಬಯಲಿನಲ್ಲಿ, ಜೇನಿನವರಿಗೆ ದೂರದ ಸಂಡೂರಿನ ಗುಡ್ಡದಲ್ಲಿ.

ಮೊದಮೊದಲು ಎಲ್ಲರೂ ಹಿಗ್ಗಿದರು. ಉಣ್ಣುವಾಗ ಜೋಳದ ಮಾತು, ಬಟ್ಟೆ ಹಿಂಡುವಾಗಲೂ ಜೋಳದ ಮಾತು. ಬರಬರುತ್ತ ಆ ಮಾತು ಸವೆಯಿತು. ನೀಲಗಂಗಾ ಬಾಯಿ ತೆರೆಯುವ ಮೊದಲೇ ಎದುರಿನವರಿಗೆ ಮುಂದಿನದು ಗೊತ್ತಿರುತ್ತಿತ್ತು. "ಗೊತ್ತೈತಿ ಬಿಡ" ಎಂಬುದೇ ನಿಲಯದ ನುಡಿಯಾಯಿತು. ಕಡೆಗೆ ಊಟದ ಮನೆಯಲ್ಲಿ ತಟ್ಟೆಗಳ ಸಪ್ಪಳವಷ್ಟೇ ಉಳಿಯಿತು. ಅವಳ ಪಟ್ಟಿ ಮಂಕಾಗತೊಡಗಿದ್ದು ಆಗಲೇ. ಸಂಕ್ರಾಂತಿಯೊಳಗೆ ಹಸಿರಾಗದಿದ್ದರೆ ಅವಳು ನಿಲಯ ಬಿಡಬೇಕು. ಎರಡು ವರ್ಷ ಸಾಕಿದ ತಾಕು ಇನ್ನೊಬ್ಬರ ಪಾಲಾಗುತ್ತದೆ.

ಪಟ್ಟಿಯಲ್ಲೇ ದೋಷವಿದೆಯೇ ಎಂದು ನೋಡಲು ಕಾತ್ಯಾಯಿನಿಯವರೇ ಬಂದಿದ್ದರು. ಮೈಸೂರಿನ ಕಡೆಯವರು, ಜೋಳದ ದಂಟಿಗೂ ಸಜ್ಜೆಯ ದಂಟಿಗೂ ವ್ಯತ್ಯಾಸ ತಿಳಿಯದವರು.

"ಪಟ್ಟಿ ಸರಿಯಾಗೇ ಇದೆಯಮ್ಮ," ಎಂದರು, ಪಟ್ಟಿಯ ಅಳತೆ ತೋರುವ, ಅಂಗೈಯಲ್ಲಿದ್ದ ಗಾಜಿನ ಬಿಲ್ಲೆಯ ಮೇಲಿನ ಗೆರೆ ನೋಡುತ್ತ. "ಜೋಳ ಬೇಜಾರಾಯ್ತಾ?"

"ಜ್ವಾಳ ಬ್ಯಾಸರಾಗೂದಂದ್ರ ಉಸುರು ಬ್ಯಾಸರಾದಂಗ್ರಿ ಮೇಡಂ."

"ಮತ್ತೇನು?"

"ಅದ ತಿಳೀವಲ್ದ್ರಿ," ಎಂದು ನೀಲಗಂಗಾ ಮುಖ ತಿರುಗಿಸಿದಳು.

ಹೊತ್ತು ಏರಿತು. ಚರಗ ಚೆಲ್ಲುವ ಹೊತ್ತು. ಭೂಮಿತಾಯಿಗೆ ಉಣಿಸುವ ಈ ಹಬ್ಬದಲ್ಲಿ ಮುಂದಿನವರು ಕಡಬು, ರೊಟ್ಟಿಯ ಚೂರು ಚೆಲ್ಲುತ್ತ "ಹುಲ್ಲುಲ್ಲಿಗೋ" ಎಂದು ಕೂಗಬೇಕು. ನೀರು ಚಿಮುಕಿಸುತ್ತ ಹಿಂದೆ ಬರುವವರು "ಚೆಲ್ಲಂಬರಿಗೋ" ಎಂದು ಓಗೊಡಬೇಕು. ಆದರೆ ನಿಲಯದಲ್ಲಿ ಪ್ರತಿಯೊಬ್ಬರಿಗೂ ತಮ್ಮ ತಾಕು ಇತ್ತು. ಹಾಗಾಗಿ ಎಲ್ಲರೂ ಮುಂದಿನವರೇ. ಹೊಲದ ತುಂಬ "ಹುಲ್ಲುಲ್ಲಿಗೋ" ಎದ್ದಿತು. ಓಗೊಡುವವರು ಒಬ್ಬರೂ ಇರಲಿಲ್ಲ.

ಪಕ್ಕದ ತಾಕಿನ ಪರಸಪ್ಪ ನಕ್ಕ. "ಏ ನೀಲಿ, ಓಗೊಡಾಕ ಪಗಾರ ಕೊಟ್ಟ ಆಳ ಇಡಬೇಕ ನೋಡ!"

"ನೀನ ಬಾರೋ ಹಿಂದ."

"ನನ್ನ ತಾಕ ನಿಮ್ಮಪ್ಪ ನೋಡ್ತಾನೇನ?" ಎಂದು ಅವನು ತನ್ನ ಬುಟ್ಟಿ ಹೊತ್ತು ನಡೆದ.

ಕಾತ್ಯಾಯಿನಿ ತಂಬಿಗೆ ಎತ್ತಿಕೊಂಡರು. "ನಾನು ಬರ್ತೀನಿ, ನಡಿ. ಏನನ್ನಬೇಕು ಹೇಳಿಕೊಡು. ಅಲ್ಲ, ಇಷ್ಟು ಊಟ ಚೆಲ್ಲಿದರೆ ಇಲಿ ತಿನ್ನಲ್ವಾ?"

"ತಿನ್ಲಿ ಅಂತನ ಚೆಲ್ಲೂದ್ರಿ! ಇಲಿಗೂ ಪಾಲ ಐತಿ, ಹಕ್ಕಿಗೂ ಐತಿ."

"ಎಲೆಯ ಬುಡದಲ್ಲಿ ಅದೇನು ನೀರು?"

ನೀಲಗಂಗಾ ನಿಂತಳು. ಇಬ್ಬನಿ ಎಲೆಯಗುಂಟ ಜಾರಿ ಸುಳಿಗೆ ಹೇಗೆ ಇಳಿಯುತ್ತದೆ, ಬೇರಿಗೆ ನೀರು ಸಿಗದ ದಿನ ಗಿಡ ಅದನ್ನೇ ಕುಡಿಯುತ್ತದೆಯೇ ಎಂದು ತಾನು ಹೇಗೆ ಹುಡುಕುತ್ತಿದ್ದೇನೆ ಎಂದೆಲ್ಲ ಹೇಳತೊಡಗಿದಳು. ಮೇಡಂ ಒಂದನ್ನು ಇನ್ನೊಂದಾಗಿ ತಿಳಿದುಕೊಂಡರು; ಅವಳು ನಕ್ಕು ಮತ್ತೊಮ್ಮೆ ಹೇಳಿದಳು. ಬಿಲ್ಲೆಯ ಮೇಲಿನ ಗೆರೆ ಮೆಲ್ಲಗೆ ಏರಿತು. ಹಣೆಯ ಪಟ್ಟಿ ಹಸಿರಾಯಿತು.

ಕಾತ್ಯಾಯಿನಿ ಅದನ್ನು ನೋಡುತ್ತ ನಿಂತರು. "ಗಿಡ ಇಬ್ಬನಿ ಕುಡಿಯುತ್ತಾ ಅನ್ನೋದು... ನಿನಗೇ ಹೊಳೆದದ್ದಾ?"

"ಅಲ್ರಿ. ರುಕ್ಸಾನಾ ಅಂತ, ನಿಲಯ ಬ್ಯಾರೆ ಬ್ಯಾರೆ ಆಗೂಕಿಂತ ಮದಲ ನನ್ನ ಕ್ವಾಣಿಯಾಕಿ. ಜೇನಿನಾಕಿ. 'ನಿಮ್ಮ ಜ್ವಾಳ ರಾತ್ರಿ ಹೊತ್ತು ನೀರ ಕುಡೀತೈತೇನಲೇ' ಅಂತ ಕೇಳಿದ್ಳು. ಎಲ್ಲಾರೂ ನಕ್ಕಿದ್ವಿ."

"ಒಲವು ಒಬ್ಬರ ತಲೆಯೊಳಗೇ ಇರುತ್ತೆ ಅಂತ ಅಳೆದೆ," ಎಂದರು ಕಾತ್ಯಾಯಿನಿ ತಮಗೆ ತಾವೇ ಎಂಬಂತೆ. "ಇಬ್ಬರ ನಡುವೆ ಇತ್ತೇನೋ."

"ಹಂಗಾರ ಆಕಿನ್ನ ಇಲ್ಲಿ ಕರಸ್ರಿ."

"ಕೇಳಿ ನೋಡ್ತೀನಿ. ನಾಡಿನ ತುಂಬ ನಿಲಯ ಕಟ್ಟಿಯಾಗಿದೆ, ನನ್ನ ಮಾತು ಎಷ್ಟು ನಡೆಯುತ್ತೋ. ಅರ್ಜಿಗೆ ಬೇಕಾಗುತ್ತೆ, ಹೇಳು: ಜೇನಿನಲ್ಲಿ ಆ ಹುಡುಗಿ ಹುಡುಕುತ್ತಿದ್ದುದೇನು?"

ನೀಲಗಂಗಾಳಿಗೆ ಅದು ಗೊತ್ತಿರಲಿಲ್ಲ. ಒಂದು ವರ್ಷ ಒಂದೇ ಕೋಣೆಯಲ್ಲಿ ಮಲಗಿ ಎದ್ದಿದ್ದರು. ಬುತ್ತಿ ಹಂಚಿಕೊಂಡು ಉಂಡಿದ್ದರು. ರುಕ್ಸಾನಾ ಕೇಳುತ್ತಿದ್ದಳು, ತಾನು ಹೇಳುತ್ತಿದ್ದಳು. ತಿರುಗಿ ಒಂದು ದಿನವೂ ತಾನು ಕೇಳಿರಲಿಲ್ಲ. ಅದನ್ನು ಪಟ್ಟಿಯ ಮೇಲೆ ಹೊರಿಸುವಂತೆಯೂ ಇರಲಿಲ್ಲ; ಯಾರ ಹಣೆಗೂ ಆಗ ಪಟ್ಟಿ ಇರಲಿಲ್ಲ.

ಮಧ್ಯಾಹ್ನ ಬದುವಿನ ಮೇಲೆ ಕೂತು ಅವಳು ಸಂಡೂರಿಗೆ ಫೋನು ಹಚ್ಚಿದಳು.

"ಏನವ್ವಾ ಜ್ವಾಳದಾಕಿ, ಸತ್ತೀ ಅನ್ಕೊಂಡಿದ್ದೆ!" ರುಕ್ಸಾನಾಳ ದನಿ ಹಳೆಯದೇ. ಆದರೆ ನಗು ಬೇಗ ಮುಗಿಯಿತು.

"ಹೆಂಗದೀಯ?"

"ಅದೀನಿ. ಇಲ್ಲಿ ಎಲ್ಲಾರಿಗೂ ಎಲ್ಲಾ ಗೊತ್ತೈತಿ. ಮಾತಾಡೂದ ಬಿಟ್ಟೀನಿ."

"ರುಕ್ಸಾನಾ, ನಿನ್ನ ಒಂದ ಕೇಳಬೇಕಿತ್ತ."

"ಕೇಳ," ಎಂದಳು ಅವಳು ತಟ್ಟನೆ. ಉಸಿರು ಹಿಡಿದು ಕಾಯುತ್ತಿದ್ದವಳಂತೆ.

ನೀಲಗಂಗಾ ಹುಡುಕಿದಳು. ತನಗೆ ಗೊತ್ತಿಲ್ಲದ್ದೊಂದರ ಕಡೆ ಮನಸ್ಸು ಹೊರಳಿಸಲು ನೋಡಿದಳು. ಎದುರಿಗೆ ತೆನೆಗಳು ತೂಗುತ್ತಿದ್ದವು.

"ನಿಮ್ಮ ಜೇನಹುಳ... ಜ್ವಾಳದ ತೆನಿಗೆ ಬರ್ತಾವೇನ?"

"ಬರ್ತಾವ. ಪರಾಗದ ಹುಡಿಗೆ ಬರ್ತಾವ. ತುಪ್ಪ ಸಿಗೂದಿಲ್ಲ ಅದರಾಗ." ಆಮೇಲೆ ಮೆಲ್ಲಗೆ, "ಮತ್ತ?"

ಜೋಳವಿಲ್ಲದ ಒಂದು ಪ್ರಶ್ನೆ ಹುಡುಕುತ್ತ ನೀಲಗಂಗಾ ಫೋನನ್ನು ಕಿವಿಗೆ ಒತ್ತಿ ಹಿಡಿದಳು. ರುಕ್ಸಾನಾ ಫೋನು ಇಡಲಿಲ್ಲ, ಕಾಯುತ್ತಲೇ ಇದ್ದಳು.