ನೇರಳೆ ದೀಪದಡಿಯ ಸೀಸೆ

ಹನ್ನೊಂದು ವರ್ಷ! ಹಿಂದೂಪುರದ ಆಸ್ಪತ್ರೆಯೊಂದರಲ್ಲಿ ಊರವರ ಉಚ್ಚೆಯನ್ನೆಲ್ಲ ಕಾಯಿಸಿ ನೋಡಿ, ಸೀಸೆ ತೊಳೆದು ಓಬುಳಪತಿಯ ಕೈ ಸವೆದಿತ್ತು. ಕೆಲಸ ಮಾತ್ರ ಇನ್ನೂ ಹಂಗಾಮಿ. ಕೊನೆಗೂ ಈ ೧೯೬೪ರಲ್ಲಿ ಕಲ್ಯಾಣದುರ್ಗದಲ್ಲಿ ಒಂದು ಖಾಯಂ ಹುದ್ದೆ ಖಾಲಿಯಾಗಿತ್ತು. ಅದರ ಬೆನ್ನಿಗೇ ಈ ಆಸ್ಪತ್ರೆಗೆ ಬೆಂಗಳೂರಿನಿಂದ ಹೊಸ ಡಾಕ್ಟರಮ್ಮನೂ ಬಂದು ವಕ್ಕರಿಸಬೇಕೇ? ಆಕೆ ಮೂತ್ರಕ್ಕೆ ಹೊಸದೊಂದು ಬಣ್ಣ ಬೆರೆಸಿ ನೇರಳೆ ದೀಪದಡಿ ಹಿಡಿಯುತ್ತಿದ್ದಳು. ಪ್ರೋಟೀನು ಎಷ್ಟಿದೆಯೋ ಅಷ್ಟು ಹೊಳಪು. ಮೈ ಊದಿಕೊಳ್ಳುವ ಮೊದಲೇ ಕಿಡ್ನಿಯ ಕಾಯಿಲೆ ಸಿಕ್ಕಿಬೀಳುತ್ತಿತ್ತು. ಹುದ್ದೆ ಸಿಗಬೇಕಾದರೆ ಅವನ ಮೂತ್ರವನ್ನೂ ಹಾಗೆ ನೋಡಿ, ಆರೋಗ್ಯ ಸರಿಯಿದೆಯೆಂದು ಆಕೆ ಸಹಿ ಹಾಕಲೇಬೇಕು.

ಓಬುಳಪತಿ ತನ್ನದನ್ನು ಕದ್ದು ಕಾಯಿಸಿ ನೋಡಿದ್ದ. ಪ್ರೋಟೀನು ಹೆಪ್ಪುಗಟ್ಟಿ ಮಜ್ಜಿಗೆ ನೀರಿನ ಹಾಗೆ ಬೆಳ್ಳಗಾಗಿತ್ತು. ಹಾಳು ಕಿಡ್ನಿ, ಇದೇ ವರ್ಷ ಕೆಡಬೇಕಿತ್ತೇ! ಚಿಕಿತ್ಸೆ ಆಮೇಲೆ, ಮೊದಲು ಹುದ್ದೆ ಎಂದು ಹಲ್ಲು ಕಚ್ಚಿದ.

ಗೋರಂಟ್ಲದಿಂದ ಹೆಂಡತಿಯ ತಮ್ಮ ಮುತ್ಯಾಲಪ್ಪನನ್ನು ಕರೆಸಿದ. ಗುಂಡುಕಲ್ಲಿನಂಥ ಆಳು. ಬಸ್ಸಿಳಿದು ಬಂದ ಕೂಡಲೇ ಅವನದನ್ನು ಕಾಯಿಸಿದರೆ ತಿಳಿಯಾಗಿಯೇ ಉಳಿಯಿತು. ಮರುದಿನ ಬೆಳಿಗ್ಗೆ ಅವನ ಕೈಗೆ ಸೀಸೆ ಕೊಟ್ಟ.

“ಏಂ ಬಾವಾ, ನನ್ನ ಉಚ್ಚೆಗೂ ಗಿರಾಕಿ ಬಂದ್ಬುಟ್ರಾ?”

“ಬಾಯ್ ಮುಚ್ಕೊಂಡು ತುಂಬ್ಸಿ ಕೊಡ್ಲಾ. ನಿಮ್ಮಕ್ಕ ಖಾಯಂ ಸಂಬಳ ನೋಡಾದು ಬ್ಯಾಡ್ವಾ?”

ಸೀಸೆ ಆಸ್ಪತ್ರೆಯದೇ, ಚೀಟಿಯ ಮೇಲಿನ ಅಕ್ಷರ ತನ್ನದೇ. ತಣ್ಣಗಿದ್ದರೆ ಅನುಮಾನ ಬಂದೀತೆಂದು ಅದನ್ನು ಪಂಚೆಯೊಳಗೆ ಸೊಂಟಕ್ಕೆ ಕಟ್ಟಿಕೊಂಡು ಬೆಚ್ಚಗಿಟ್ಟ. ಡಾಕ್ಟರಮ್ಮನ ಕಣ್ಣೆದುರೇ ಖಾಲಿ ಸೀಸೆ ಹಿಡಿದು ಕಕ್ಕಸಿಗೆ ಹೋದ, ತುಂಬಿದ್ದನ್ನು ಹಿಡಿದು ಬಂದ. ಇಷ್ಟೇ! ಇಷ್ಟಕ್ಕೆ ತಿಂಗಳಿಡೀ ನಿದ್ದೆಗೆಟ್ಟೆನಲ್ಲ ಎಂದು ಅವನಿಗೆ ತನ್ನ ಮೇಲೇ ಸಿಟ್ಟು ಬಂತು.

ಡಾಕ್ಟರಮ್ಮ ಬಣ್ಣ ಬೆರೆಸುವ ಮೊದಲು ಸೀಸೆಯನ್ನು ದೀಪದಡಿ ಹಿಡಿದಳು. ತಿರುಗಿಸಿ ಮತ್ತೊಮ್ಮೆ ನೋಡಿದಳು.

“ಯಾವುದಾದರೂ ಮಾತ್ರೆ ತಗೊಂಡಿದ್ರಾ, ಓಬುಳಪತಿ?”

“ಅಯ್ಯೋ, ಎಲ್ಲಾದ್ರೂ ಉಂಟಾ ತಾಯಿ! ನೀವು ಹೇಳ್ದಂಗೆ ಎರಡು ದಿನದಿಂದ ಒಂದ್ ಮಾತ್ರೆ ಮುಟ್ಟಿಲ್ಲ. ದೇವ್ರಾಣೆ.” ಅದು ಅಪ್ಪಟ ನಿಜವಾದ್ದರಿಂದ ಅವನು ಎದೆಯುಬ್ಬಿಸಿಯೇ ಹೇಳಿದ.

“ಬಣ್ಣ ಹಾಕದೆಯೇ ಹೀಗೆ ಹಳದಿ ಹಸಿರು ಹೊಳೀತಿದೆ, ನೋಡಿ. ಇದು ಬಿ-ಕಾಂಪ್ಲೆಕ್ಸ್ ಮಾತ್ರೆ ನುಂಗಿದವರದು. ನೀವು ನುಂಗಿಲ್ಲ ಅಂದ್ರೆ, ಇದು ಯಾರದು?”

 ಮನೆಗೆ ಬಂದ ನೆಂಟರಿಗೆಲ್ಲ ಆಸ್ಪತ್ರೆಯ ಇದೇ ಹಳದಿ ಮಾತ್ರೆ ಕೊಟ್ಟು ದೊಡ್ಡಸ್ತಿಕೆ ತೋರುವುದು ಓಬುಳಪತಿಯ ಹಳೇ ಚಾಳಿ. ನಿನ್ನೆ ಊಟಕ್ಕೆ ಕೂತಾಗ ಮುತ್ಯಾಲಪ್ಪನಿಗೂ ಹಿಡಿ ತುಂಬ ಸುರಿದು, “ಮೈಗೆ ಶಕ್ತಿ ಬತ್ತದೆ, ನುಂಗ್ಲಾ” ಅಂದಿದ್ದ. ಪುಕ್ಕಟೆ ಸಿಕ್ಕಿದ್ದನ್ನು ಬಿಟ್ಟಾನೆಯೇ, ಬಾಮೈದ ಒಂದನ್ನೂ ಉಳಿಸದೆ ನುಂಗಿದ್ದ.